ಬೋಟುಗಳ ಮಳೆಗಾಲದ ರಜೆ

ಜೂನ್ ತಿಂಗಳಲ್ಲಿ ಮಂಗಳೂರಿಗೆ ನೆಂಟರು ಬಂದರೆ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬುದು ನಮ್ಮೂರ ಮನೆಗಳಲ್ಲಿ ದೊಡ್ಡ ಪ್ರಶ್ನೆ. ಪಣಂಬೂರಿನಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ. ಸೋಮೇಶ್ವರದ ಬಂಡೆಗಳ ಹತ್ತಿರ ನಿಲ್ಲುವುದೂ ಅಪಾಯ. ಕದ್ರಿ ದೇವಸ್ಥಾನ, ಪಿಲಿಕುಳ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಗೋಡೆಯ ಚಿತ್ರಗಳು, ಇಷ್ಟು ಮುಗಿದ ಮೇಲೆ ಮಳೆ ನೋಡುತ್ತಾ ಗೋಳಿಬಜೆ ತಿನ್ನುವುದೊಂದೇ ಕೆಲಸ. ನಾನು ಮಾತ್ರ ನೆಂಟರನ್ನು ದಕ್ಕೆಗೆ ಕರೆದುಕೊಂಡು ಹೋಗುತ್ತೇನೆ.

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಪಶ್ಚಿಮಕ್ಕೆ ಇಳಿದರೆ ಬಂದರ್ ಪೇಟೆ. ಹಳೆಯ ಹೆಂಚಿನ ಗೋದಾಮುಗಳು, ಒಣಮೆಣಸಿನ ಘಾಟು, ಲಾರಿಗಳ ಸಾಲು. ಅವನ್ನು ದಾಟಿದರೆ ನದಿ. ಹೊಸಬರು ಇದನ್ನೇ ಸಮುದ್ರ ಎಂದುಕೊಳ್ಳುತ್ತಾರೆ. ಅಲ್ಲ, ಇದು ಗುರುಪುರ ನದಿ. ಫಲ್ಗುಣಿ ಎಂದೂ ಹೆಸರು. ಉತ್ತರದಿಂದ ಬರುವ ಈ ನದಿ ನೇರ ಸಮುದ್ರಕ್ಕೆ ಬೀಳದೆ ಸ್ವಲ್ಪ ದೂರ ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ. ನದಿಗೂ ಕಡಲಿಗೂ ನಡುವೆ ಉಳಿದ ಉದ್ದನೆಯ ಮರಳಿನ ಪಟ್ಟಿಯೇ ಬೆಂಗ್ರೆ. ಆಗ್ನೇಯದಿಂದ ನೇತ್ರಾವತಿ ಬಂದು ಕೂಡಿದ ಮೇಲೆ ಎರಡೂ ಸೇರಿ ಒಂದೇ ಬಾಗಿಲಿನಿಂದ ಅರಬ್ಬೀ ಸಮುದ್ರಕ್ಕೆ ಹೊರಡುತ್ತವೆ. ಅದೇ ಅಳಿವೆ ಬಾಗಿಲು. ದಕ್ಕೆಯ ಬೋಟುಗಳೆಲ್ಲ ಹೋಗುವುದೂ ಬರುವುದೂ ಆ ಒಂದು ಬಾಗಿಲಿನಿಂದಲೇ.

ಉಳಿದ ಕಾಲದಲ್ಲಿ ದಕ್ಕೆಗೆ ಹೋದರೆ ಮೀನು ಕಾಣುತ್ತದೆ, ಬೋಟು ಕಾಣುವುದಿಲ್ಲ. ಬುಟ್ಟಿ, ಮಂಜುಗಡ್ಡೆ, ಹರಾಜಿನ ಕೂಗು, ಕಾಲಿಟ್ಟಲ್ಲಿ ಜಾರುವ ನೆಲ, ಇವುಗಳ ನಡುವೆ ಬೋಟಿನ ಕಡೆ ಕಣ್ಣು ಹಾಯಿಸಲು ಪುರುಸೊತ್ತೆಲ್ಲಿ? ಮಳೆಗಾಲ ಹಾಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಹೋಗಬಾರದು. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ ಅದು, ಕಡಲೂ ಕೆರಳಿರುತ್ತದೆ. ಆಗ ಊರಿನ ಬೋಟುಗಳೆಲ್ಲ ನದಿಗೆ ಬಂದು ಒಂದರ ಪಕ್ಕ ಒಂದು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತವೆ. ಐದನೆಯ ಸಾಲಿನ ಬೋಟಿಗೆ ಹೋಗಬೇಕಾದರೆ ಮೊದಲ ನಾಲ್ಕನ್ನು ಹತ್ತಿ ಇಳಿದೇ ಹೋಗಬೇಕು. ಮೇಲೆ ಟಾರ್ಪಾಲು, ಬದಿಗೆ ಹಳೆ ಟಯರು. ದೂರದಿಂದ ನೋಡಿದರೆ ಎಲ್ಲ ಮಲಗಿದ ಹಾಗೆ.

ಹತ್ತಿರ ಹೋದರೆ ಒಳಗಿನಿಂದ ಸ್ಪ್ಯಾನರ್ ಸದ್ದು ಕೇಳುತ್ತದೆ.

ಕಳೆದ ಜೂನ್ ಕೊನೆಯ ಭಾನುವಾರ ತಂಗಿಯ ಇಬ್ಬರು ಮಕ್ಕಳು ನನ್ನ ಜೊತೆ ಇದ್ದರು, ಹಾಸನದಿಂದ ಬಂದವರು. ಪರಿಚಯದವರೊಬ್ಬರ ಬೋಟಿನ ಎಂಜಿನ್ ಕೆಲಸ ನಡೆಯುತ್ತಿತ್ತು. ಮೆಕ್ಯಾನಿಕ್‌ಗೆ ಅರುವತ್ತರ ಹತ್ತಿರ ವಯಸ್ಸು, ಸಹಾಯಕ್ಕೆ ಒಬ್ಬ ಹುಡುಗ. ಹುಡುಗ ಅವರನ್ನು ಅಣ್ಣ ಎಂದು ಕರೆಯುತ್ತಿದ್ದುದರಿಂದ ನಮಗೂ ಅವರು ಅಣ್ಣನೇ ಆದರು. ದಕ್ಕೆಯ ಗೋಡೆಯ ಹತ್ತಿರದ ಮೊದಲ ಸಾಲಿನ ಬೋಟು ಅದು, ಮಕ್ಕಳನ್ನು ಹತ್ತಿಸಲು ಕಷ್ಟವಾಗಲಿಲ್ಲ. ಎಂಜಿನ್ ಕೋಣೆಗೆ ಮಾತ್ರ ಅಣ್ಣ ಇಳಿಸಲಿಲ್ಲ. "ಮೇಲೆ ಕೂತು ನೋಡಿ. ಕೆಳಗೆ ಜಾರ್ತದೆ," ಎಂದರು.

ಎಂಟು ವರ್ಷದ ಹುಡುಗನಿಗೆ ಒಂದೇ ಸಂಶಯ. "ದೊಡ್ಡಮ್ಮಾ, ಇದಕ್ಕೆ ಬ್ರೇಕ್ ಎಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಕೆಳಗಿನಿಂದ ಉತ್ತರ ಬಂತು. "ಬೋಟಿಗೆ ಬ್ರೇಕ್ ಇಲ್ಲ ಮಗಾ. ಎಂಜಿನ್ನೇ ಬ್ರೇಕ್."

ಆ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಓಡುವ ಬೋಟನ್ನು ನಿಲ್ಲಿಸಬೇಕಾದರೆ ಗೇರನ್ನು ಹಿಂದಕ್ಕೆ ಹಾಕಿ ಫ್ಯಾನನ್ನು ಉಲ್ಟಾ ತಿರುಗಿಸಬೇಕು. ನೀರಿನಡಿಯ ಪ್ರೊಪೆಲ್ಲರಿಗೆ ನಮ್ಮ ದಕ್ಕೆಯಲ್ಲಿ ಫ್ಯಾನ್ ಎಂದೇ ಹೆಸರು. ತಿರುಗಿಸುವ ಚುಕ್ಕಾಣಿಯೂ ಹಾಗೆಯೇ. ಅದರ ಮೇಲೆ ನೀರು ವೇಗವಾಗಿ ಹರಿದರೆ ಮಾತ್ರ ಅದಕ್ಕೆ ಬಲ. ಎಂಜಿನ್ ನಿಂತಿತೆಂದರೆ ಬೋಟಿಗೆ ಓಟವೂ ಇಲ್ಲ, ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಕಾರು ಕೆಟ್ಟರೆ ಬದಿಗೆ ತಳ್ಳಿ ನಿಲ್ಲಿಸಬಹುದು. ಅಳಿವೆ ಬಾಗಿಲಲ್ಲಿ ಬದಿ ಎಂದರೆ ಒಂದು ಕಡೆ ಮರಳ ದಿಬ್ಬ, ಎರಡೂ ಪಕ್ಕಕ್ಕೆ ಅಲೆತಡೆಯ ಬಂಡೆಗಳು. ಹೊರಗೆ ತಳ್ಳುವ ನದಿ, ಒಳಗೆ ನುಗ್ಗುವ ಅಲೆ. ಲಂಗರು ಬಿಡುವಷ್ಟರಲ್ಲಿ ಬೋಟು ಅಡ್ಡ ತಿರುಗಿರುತ್ತದೆ. ಆ ಜಾಗದಲ್ಲಿ ಎಂಜಿನ್ ಎರಡು ನಿಮಿಷ ಕೈಕೊಟ್ಟರೂ ಒಳಗಿರುವವರ ಜೀವದ ಪ್ರಶ್ನೆ.

ಇನ್ನೂ ಒಂದು ಲೆಕ್ಕ ನೋಡಿ. ನಮ್ಮ ಮನೆಯ ಕಾರು ವರ್ಷಕ್ಕೆ 10,000 ಕಿಲೋಮೀಟರ್ ಓಡುತ್ತದೆ ಎಂದುಕೊಳ್ಳೋಣ. ಗಂಟೆಗೆ ಸರಾಸರಿ 40 ಕಿಲೋಮೀಟರ್ ಎಂದು ಹಿಡಿದರೆ ಎಂಜಿನ್ ತಿರುಗಿದ್ದು 250 ಗಂಟೆ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ಹತ್ತು ದಿನ ಹಗಲೂ ರಾತ್ರಿ ಎಂಜಿನ್ ಓಡಿಸಿದರೆ 240 ಗಂಟೆ. ಅಂದರೆ ನಮ್ಮ ಕಾರಿನ ಒಂದು ವರ್ಷ, ಅದಕ್ಕೆ ಒಂದು ಟ್ರಿಪ್ಪು. ಇಲ್ಲಿನ ಅನೇಕ ಬೋಟುಗಳಲ್ಲಿರುವುದು ಲಾರಿಗೆಂದೇ ಹುಟ್ಟಿ ಕಡಲಿಗೆ ಒಗ್ಗಿಸಿದ ಎಂಜಿನ್‌ಗಳು. ಆದರೆ ಲಾರಿಗೆ ಚಾರ್ಮಾಡಿ ಘಾಟಿ ಹತ್ತಿದ ಮೇಲೆ ಎಲ್ಲಾದರೂ ಇಳಿಜಾರು ಸಿಗುತ್ತದೆ, ಚಹಾದ ಅಂಗಡಿ ಸಿಗುತ್ತದೆ. ಬಲೆ ಎಳೆಯುವ ಬೋಟಿಗೆ ಇಡೀ ಕಡಲೇ ಏರು.

ಕಿಡಿಯಿಲ್ಲದ ಬೆಂಕಿ

ಡೀಸೆಲ್ ಎಂಜಿನ್‌ನಲ್ಲಿ ಬೆಂಕಿ ಹಚ್ಚುವ ಕಿಡಿ ಇಲ್ಲ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮಕ್ಕಳು ಮುಟ್ಟಿ ನೋಡಿರಬಹುದು. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ ಮಾಡುವುದೂ ಅದನ್ನೇ, ಬಹಳ ಜೋರಾಗಿ. ಸಿಲಿಂಡರಿನೊಳಗಿನ ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಚಿಕ್ಕ ಜಾಗಕ್ಕೆ ಒತ್ತಿದಾಗ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಸಣ್ಣ ತೂತುಗಳಿಂದ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಇದನ್ನು ಮಾಡಿ ತೋರಿಸಿದವನು ರುಡಾಲ್ಫ್ ಡೀಸೆಲ್. 1858ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಜರ್ಮನ್. 1897ರಲ್ಲಿ ಆಗ್ಸ್‌ಬರ್ಗ್ ಎಂಬ ಊರಿನಲ್ಲಿ ಅವನ ಎಂಜಿನ್ ಪರೀಕ್ಷೆಯಲ್ಲಿ ಗೆದ್ದಿತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ಹಡಗು ಡೀಸೆಲ್ ಎಂಜಿನ್ನಿನಿಂದಲೇ ಮಹಾಸಾಗರದ ಯಾನ ಮಾಡಿತು. ಮರುವರ್ಷ, 1913ರ ಸೆಪ್ಟೆಂಬರ್ 29ರ ರಾತ್ರಿ, ಇಂಗ್ಲೆಂಡಿಗೆ ಹೊರಟಿದ್ದ ಡೀಸೆಲ್ ಹಡಗಿನಿಂದ ಕಾಣೆಯಾದ. ದೇಹ ಕೆಲವು ದಿನಗಳ ಬಳಿಕ ಕಡಲಲ್ಲಿ ಸಿಕ್ಕಿತು. ಬಿದ್ದನೋ, ಹಾರಿದನೋ, ಯಾರಾದರೂ ತಳ್ಳಿದರೋ ಎಂಬುದು ಇಂದಿಗೂ ಬಗೆಹರಿದಿಲ್ಲ. ಕಥೆ ಕೇಳಿದ ಮಕ್ಕಳಿಗೆ ಅವನ ಎಂಜಿನ್ನಿಗಿಂತ ಈ ಗುಟ್ಟೇ ಹೆಚ್ಚು ಹಿಡಿಸಿತು.

ಕಿಡಿ ಇಲ್ಲದ್ದರಿಂದ ಒಂದು ಅನುಕೂಲ ಉಂಟು. ಒಮ್ಮೆ ಶುರುವಾದ ಹಳೆಯ ಬಗೆಯ ಡೀಸೆಲ್ ಎಂಜಿನ್ನಿಗೆ ಓಡುತ್ತಿರಲು ವಿದ್ಯುತ್ ಬೇಡ. ಉಪ್ಪು ಗಾಳಿಯಲ್ಲಿ ವಯರು ತುಕ್ಕು ಹಿಡಿದರೂ ಅದು ಓಡುತ್ತಲೇ ಇರುತ್ತದೆ. ಅದಕ್ಕೆ ಬೇಕಾದದ್ದು ಶುದ್ಧ ಗಾಳಿ, ಶುದ್ಧ ಡೀಸೆಲ್, ಒಳ್ಳೆಯ ಎಣ್ಣೆ, ತಂಪು. ಇವಿಷ್ಟನ್ನು ಕೊಟ್ಟರೆ ಇಷ್ಟು ಸಾಧು ಯಂತ್ರ ಇನ್ನೊಂದಿಲ್ಲ ಎಂದು ಅಣ್ಣನ ಅಭಿಪ್ರಾಯ. ಆದರೆ ಕಡಲಲ್ಲಿ ಕೊಡಲು ಕಷ್ಟವಾದದ್ದೂ ಇವೇ.

ಕೀ ಕಿಸೆಯಲ್ಲಿ

ಅಣ್ಣ ಕೆಲಸ ಶುರು ಮಾಡುವ ಕ್ರಮವನ್ನು ನಾನು ಕುತೂಹಲದಿಂದ ನೋಡಿದೆ. ಮೊದಲು ವ್ಹೀಲ್‌ಹೌಸಿಗೆ ಹೋಗಿ ಕೀ ತೆಗೆದು ಅಂಗಿಯ ಕಿಸೆಗೆ ಹಾಕಿದರು. ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿದರು. ಆಮೇಲೆ ಕೈಯ ಉಂಗುರ, ವಾಚು ಕಳಚಿ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿಟ್ಟರು. ಲುಂಗಿ ಬಿಚ್ಚಿ ಪ್ಯಾಂಟು ಹಾಕಿಕೊಂಡು ಬಂದರು. ಕೆಳಗಿಳಿದು ಬ್ಯಾಟರಿಯ ಮೈನಸ್ ವಯರು ಬಿಚ್ಚಿದರು. ಇಷ್ಟಾದ ಮೇಲೆಯೇ ಎಂಜಿನ್ನಿಗೆ ಕೈ ಹಚ್ಚಿದ್ದು.

"ಇದೆಲ್ಲ ಪ್ರತಿ ಸಲ ಮಾಡ್ತೀರಾ?" ಎಂದೆ.

"ಮತ್ತೆಂಥ ಮಾರಾಯ್ರೆ! ಕೀ ನನ್ನ ಕಿಸೆಯಲ್ಲಿ ಉಂಟು, ಹಾಗಾಗಿ ಕೈ ಬೆಲ್ಟಿನ ಒಳಗೆ ಉಂಟು," ಎಂದು ನಕ್ಕರು.

ಒಂದೊಂದಕ್ಕೂ ಕಾರಣವಿದೆ. ಮೇಲಿದ್ದವನು ದೀಪ ಹಾಕಲೆಂದೋ, ಸುಮ್ಮನೆ ಪರೀಕ್ಷಿಸಲೆಂದೋ ಕೀ ತಿರುಗಿಸಿದರೆ ಕೆಳಗಿದ್ದವನ ಬೆರಳು ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕುತ್ತದೆ. ಬೋಟಿನ ಬ್ಯಾಟರಿ ಸ್ಟಾರ್ಟರನ್ನು ತಿರುಗಿಸುವಷ್ಟು ಬಲದ್ದು. ಸ್ಪ್ಯಾನರಿನ ಜೊತೆ ಉಂಗುರವೂ ಅದರ ಎರಡು ತುದಿಗಳ ನಡುವೆ ಸಿಕ್ಕಿದರೆ ಚಿನ್ನ ಕ್ಷಣದಲ್ಲಿ ಕಾದು ಬೆರಳಿಗೆ ಅಂಟಿಕೊಳ್ಳುತ್ತದೆ. ಮೈನಸ್ ವಯರನ್ನೇ ಮೊದಲು ಬಿಚ್ಚುವುದೂ ಇದೇ ಲೆಕ್ಕದಿಂದ. ಎಂಜಿನ್ನಿನ ಕಬ್ಬಿಣಕ್ಕೆಲ್ಲ ಮೈನಸ್ ಸೇರಿರುವುದರಿಂದ, ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಎಲ್ಲಾದರೂ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಅದಕ್ಕೆ ಕಿಡಿ ಸಿಕ್ಕಬಾರದು. ಲುಂಗಿಯ ತುದಿ, ಕುತ್ತಿಗೆಯ ಟವೆಲು, ಉದ್ದ ಕೂದಲು ತಿರುಗುವ ಶಾಫ್ಟಿಗೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಇದೇ ಕೀಯ ನಿಯಮ ನಡುಗಡಲಿನಲ್ಲಿ ಇನ್ನೂ ದೊಡ್ಡದಾಗುತ್ತದೆ. ಹರಿದ ಬಲೆಯೋ ಹಗ್ಗವೋ ಫ್ಯಾನಿಗೆ ಸುತ್ತಿಕೊಂಡರೆ ಯಾರಾದರೊಬ್ಬರು ಕತ್ತಿ ಹಿಡಿದು ನೀರಿಗಿಳಿದು ಕತ್ತರಿಸಬೇಕಾಗುತ್ತದೆ. ಅವನು ಫ್ಯಾನಿನ ಅಡಿಯಲ್ಲಿರುವಾಗ ಮೇಲೆ ಎಂಜಿನ್ ಶುರುವಾಗಬಾರದು. ಗೇರು ನ್ಯೂಟ್ರಲ್‌ನಲ್ಲಿದೆ ಎಂಬ ನಂಬಿಕೆ ಸಾಲದು. ಎಂಜಿನ್ ಪೂರ್ತಿ ನಿಲ್ಲಿಸಿ, ಕೀ ತೆಗೆದು, ನೀರಿಗಿಳಿದವನು ಮೇಲೆ ಹತ್ತಿ ಬರುವ ತನಕ ಒಬ್ಬರು ಕೀ ಹಿಡಿದು ನಿಂತಿರಬೇಕು. ಕಲಾಸಿಗಳು ಬೇರೆ ಬೇರೆ ರಾಜ್ಯದವರು. ಒಂದೇ ಬೋಟಿನಲ್ಲಿ ತುಳು, ಬ್ಯಾರಿ, ತಮಿಳು, ತೆಲುಗು, ಒಡಿಯಾ ಎಲ್ಲ ಕೇಳುತ್ತದೆ. "ನಿಲ್ಲಿಸು" ಎಂದದ್ದು "ಶುರು ಮಾಡು" ಎಂದು ಕೇಳಿಸಿದರೆ? ಕೆಂಪು ಬಟ್ಟೆಗೆ ಆ ತೊಂದರೆ ಇಲ್ಲ.

ಅಂದಿನ ಕೆಲಸ ಇಂಜೆಕ್ಟರ್ ನೋಡುವುದು. ಡೀಸೆಲ್ ಚಿಮ್ಮಿಸುವ ಭಾಗ ಅದು. ಸಾಮಾನ್ಯ ಹಳೆಯ ಎಂಜಿನ್ನಿನಲ್ಲೇ ಅದು ಚಿಮ್ಮುವ ಒತ್ತಡ ಕಾರಿನ ಟಯರಿನ ಒತ್ತಡದ ನೂರು ಪಟ್ಟಿನ ಹತ್ತಿರ. ಹೊಸ ಬಗೆಯ ಎಂಜಿನ್‌ಗಳಲ್ಲಿ ಇನ್ನೂ ಹಲವು ಪಟ್ಟು ಹೆಚ್ಚು. ಪೈಪಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇದ್ದರೆ ಅಲ್ಲಿಂದ ಹೊರಡುವ ಡೀಸೆಲಿನ ಎಳೆ ಕೈಯ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ. ನೋವು ಮೊದಲಿಗೆ ಅಷ್ಟಿಲ್ಲ. ಕೆಲವು ಗಂಟೆಗಳಲ್ಲಿ ಬೆರಳು ಊದಿ, ತಡಮಾಡಿದರೆ ಬೆರಳನ್ನೇ ತೆಗೆಯಬೇಕಾಗಬಹುದು. ಅದಕ್ಕೇ ಸೋರಿಕೆಯನ್ನು ಕೈಯಿಂದ ಹುಡುಕಬಾರದು. ರಟ್ಟಿನ ತುಂಡು ಹಿಡಿದರೆ ಅದರ ಮೇಲೆ ಒದ್ದೆ ಕಾಣುತ್ತದೆ. ಚುಚ್ಚಿತೋ, ಅರಸಿನ ಹಚ್ಚಿ ಕೂರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ "ಒತ್ತಡದ ಡೀಸೆಲ್ ಒಳಗೆ ಹೋಗಿದೆ" ಎಂದು ಹೇಳಬೇಕು. ಹಾಗೆ ಹೇಳದಿದ್ದರೆ ಇದೆಂಥ ದೊಡ್ಡ ಗಾಯ ಎಂದು ಬ್ಯಾಂಡೇಜು ಹಾಕಿ ಕಳಿಸುವ ಸಂಭವವೇ ಹೆಚ್ಚು.

ಮೂಗಿಗೆ ತಿಳಿಯದ ಗಾಳಿ

ಮಳೆಗಾಲದ ಕೆಲಸಕ್ಕೆಂದೇ ಇರುವ ಒಂದು ಅಪಾಯವನ್ನು ನಾನು ಮೊದಲ ಬಾರಿ ಅಂದು ತಿಳಿದದ್ದು. ಮಳೆ ಬೀಳುತ್ತದೆಂದು ಎಂಜಿನ್ ಕೋಣೆಯ ಬಾಯಿಗೆ ಟಾರ್ಪಾಲು ಮುಚ್ಚಿರುತ್ತಾರೆ. ರಿಪೇರಿ ಮುಗಿದ ಮೇಲೆ ಹಾಗೆಯೇ ಎಂಜಿನ್ ಶುರು ಮಾಡಿ ಸದ್ದು ಕೇಳುತ್ತಾ ಕೂತರೆ, ಹೊಗೆಕೊಳವೆಯಲ್ಲಿ ಸಣ್ಣ ಸೀಳಿದ್ದರೂ ಹೊಗೆ ಒಳಗೇ ತುಂಬುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ವಾಕರಿಕೆ, ನಿದ್ದೆ ಬಂದ ಹಾಗೆ. ಉಪ್ಪು ನೀರಿಗೆ ಹೊಗೆಕೊಳವೆ ಬೇಗ ಸವೆಯುತ್ತದೆ ಬೇರೆ. ಅಣ್ಣ ಎಂಜಿನ್ ಶುರು ಮಾಡುವ ಮುಂಚೆ ಹುಡುಗ ಬಂದು ಟಾರ್ಪಾಲನ್ನು ಪೂರ್ತಿ ಸರಿಸಿದ. ಮಳೆ ಹನಿ ಒಳಗೆ ಬಿದ್ದರೂ ಚಿಂತೆಯಿಲ್ಲ.

ಮೀನು ಹಾಕುವ ಕೆಳಗಿನ ಕೋಣೆಯದ್ದು ಇನ್ನೊಂದು ಕಥೆ. ಉಳಿದ ಮೀನು, ರಕ್ತ, ಕರಗಿದ ಮಂಜುಗಡ್ಡೆಯ ನೀರು ಕೊಳೆತರೆ ಅಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ನಾತ ಅದು, ಆದರೆ ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸಿ ನಾತ ಗೊತ್ತಾಗದಂತೆ ಮಾಡುತ್ತದೆ. ಮಂಗಳೂರಿಗೆ ಇದು ದೂರದ ಸುದ್ದಿಯಲ್ಲ. 2022ರ ಏಪ್ರಿಲ್‌ನಲ್ಲಿ ನಗರದ ಹೊರವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ವಿಷಗಾಳಿಗೆ ಸಿಲುಕಿ ಐವರು ಕಾರ್ಮಿಕರು ತೀರಿಕೊಂಡರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಎಳೆಯರು. ಒಬ್ಬ ಕುಸಿದಾಗ ಎತ್ತಲೆಂದು ಉಳಿದವರು ಇಳಿದಿದ್ದರು. ಇಂಥ ಅನಾಹುತಗಳಲ್ಲಿ ಬಲಿಯಾಗುವವರಲ್ಲಿ ಬಹುಮಂದಿ ಕಾಪಾಡಲು ಹೋದವರೇ. ಬಹಳ ದಿನ ಮುಚ್ಚಿಟ್ಟ ಕೋಣೆಯನ್ನು ತೆರೆದು, ಗಾಳಿ ಊದಿ, ಸಾಕಷ್ಟು ಹೊತ್ತು ಬಿಟ್ಟು, ಮೇಲೆ ಒಬ್ಬರನ್ನು ನಿಲ್ಲಿಸಿ, ಸೊಂಟಕ್ಕೆ ಹಗ್ಗ ಕಟ್ಟಿ ಇಳಿಯಬೇಕು. ಕುಸಿದವನನ್ನು ಹಗ್ಗ ಹಿಡಿದು ಮೇಲಿನಿಂದಲೇ ಎಳೆಯಬೇಕು.

ಮೂರನೆಯದು ನಮ್ಮ ಅಡುಗೆಮನೆಯಲ್ಲೇ ಇರುವ ಗಾಳಿ. ಹತ್ತು ದಿನ ಕಡಲಲ್ಲಿರುವ ಬೋಟಿನಲ್ಲಿ ಅನ್ನ, ಮೀನಿನ ಗಸಿ ಎಲ್ಲ ಬೇಯುವುದು ಗ್ಯಾಸ್ ಒಲೆಯ ಮೇಲೆ. ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಾದರೆ ಸೋರಿದ ಅನಿಲ ಬಾಗಿಲಿನ ಅಡಿಯಿಂದ ಹೊರಗೆ ಹೋದೀತು. ಬೋಟಿಗೆ ಅಡಿಯಲ್ಲಿ ಬಾಗಿಲೆಲ್ಲಿ? ನೀರಿನಂತೆ ಇಳಿದು ಎಂಜಿನ್ನಿನ ಕೆಳಗೆ ಹೊಂಡದಲ್ಲಿ ನಿಲ್ಲುತ್ತದೆ, ಸ್ಟಾರ್ಟರಿನ ಒಂದು ಕಿಡಿಗೆ ಕಾಯುತ್ತದೆ. ಸಿಲಿಂಡರನ್ನು ಮೇಲೆ ಬಯಲಲ್ಲೇ ಕಟ್ಟಿಡಬೇಕು, ಅಡುಗೆ ಮುಗಿದ ಕೂಡಲೇ ರೆಗ್ಯುಲೇಟರನ್ನು ಬಂದ್ ಮಾಡಬೇಕು. ಈ ಮಾತು ನಮ್ಮ ಮನೆಗಳಿಗೂ ಹೊಂದುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಕುಡಿಯುವ ನೀರು, ಕಡಲ ನೀರು

ಸುತ್ತ ಇಷ್ಟೊಂದು ನೀರಿರುವಾಗ ಎಂಜಿನ್ ಯಾಕೆ ಬಿಸಿಯಾಗುತ್ತದೆ ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಆ ನೀರನ್ನು ನೇರ ಎಂಜಿನ್ನಿನೊಳಗೆ ಸುತ್ತಿಸಿದರೆ ಕಬ್ಬಿಣ ತಿಂದುಹೋಗುತ್ತದೆ. ಬಿಸಿಗೆ ಉಪ್ಪು ಕೂತು ದಾರಿ ಮುಚ್ಚುತ್ತದೆ, ಬಿಸಿನೀರು ಕಾಯಿಸುವ ಪಾತ್ರೆಯೊಳಗೆ ಬಿಳಿ ಪದರ ಕೂರುವ ಹಾಗೆ. ಅದಕ್ಕೆ ಎಂಜಿನ್ನಿನೊಳಗೆ ಸಿಹಿನೀರು ಮತ್ತು ಕೂಲೆಂಟ್. ಆ ಸಿಹಿನೀರನ್ನು ತಣಿಸಲು ಹೊರಗಿನ ಕಡಲ ನೀರು. ಎರಡೂ ಪಕ್ಕಪಕ್ಕದ ಕೊಳವೆಗಳಲ್ಲಿ ಹರಿಯುತ್ತವೆ, ಶಾಖ ಮಾತ್ರ ದಾಟುತ್ತದೆ, ನೀರು ಬೆರೆಯುವುದಿಲ್ಲ. ಕೆಲವು ಬೋಟುಗಳಲ್ಲಿ ಸಿಹಿನೀರಿನ ಕೊಳವೆಯನ್ನೇ ಬೋಟಿನ ಹೊಟ್ಟೆಯ ಹೊರಗೆ ಕಡಲಲ್ಲಿ ಮುಳುಗಿಸಿ ತಂದಿರುತ್ತಾರೆ.

ಕಡಲ ನೀರನ್ನು ಒಳಗೆಳೆಯುವ ಜಾಗದಲ್ಲಿ ಒಂದು ಜಾಲರಿ ಇದೆ. ಅಣ್ಣ ಅದನ್ನು ಬಿಚ್ಚಿ ಮೇಲೆ ಕಳಿಸಿದರು, ಮಕ್ಕಳು ನೋಡಲಿ ಎಂದು. ಒಂದಿಷ್ಟು ಪಾಚಿ, ಎರಡು ಸಣ್ಣ ಚಿಪ್ಪು, ಉಳಿದದ್ದೆಲ್ಲ ನಮ್ಮದೇ: ಹಾಲಿನ ತೊಟ್ಟೆಯ ತುಂಡು, ಗುಟ್ಕಾ ಪ್ಯಾಕೆಟ್, ಬಲೆಯ ನೈಲಾನ್ ಎಳೆ. ಈ ಜಾಲರಿ ಮುಚ್ಚಿಕೊಂಡರೆ ನೀರು ಬರುವುದಿಲ್ಲ, ಒಳಗಿನ ರಬ್ಬರ್ ಇಂಪೆಲ್ಲರ್ ಒಣಗಿ ತಿರುಗಿ ನಿಮಿಷಗಳಲ್ಲಿ ಹರಿಯುತ್ತದೆ, ಎಂಜಿನ್ ಕಾಯುತ್ತದೆ. ಕುಡ್ಲದ ತೋಡಿಗೆ ನಾವು ಎಸೆದ ತೊಟ್ಟೆ ಮಳೆನೀರಿನ ಜೊತೆ ನದಿಗೆ ಬಂದು, ಯಾರದೋ ಮನೆಯ ದುಡಿಯುವವರನ್ನು ನಡುಗಡಲಿನಲ್ಲಿ ನಿಲ್ಲಿಸಬಹುದು. ಇಬ್ಬರು ಮಕ್ಕಳೂ ಆ ಜಾಲರಿಯನ್ನು ಬಹಳ ಹೊತ್ತು ನೋಡಿದರು.

ಎಂಜಿನ್ ಕಾದಾಗ ಮೇಲಿನ ಮುಚ್ಚಳ ತೆರೆಯುವ ಅವಸರ ಎಲ್ಲರಿಗೂ ಇರುತ್ತದೆ. ಕುಕ್ಕರಿನ ವಿಷಲ್ ಇಳಿಯುವ ಮುಂಚೆ ಮುಚ್ಚಳ ತೆಗೆದಂತೆ ಅದು. ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಅಲುಗಾಡುವ ಬೋಟಿನಲ್ಲಿ ಹಿಂದೆ ಸರಿಯಲೂ ಜಾಗವಿಲ್ಲ. ನಿಲ್ಲಿಸಿ, ತಣಿಯಲು ಬಿಟ್ಟು, ದಪ್ಪ ಬಟ್ಟೆ ಹಿಡಿದು ಮೆಲ್ಲನೆ ತಿರುಗಿಸಬೇಕು.

ಸಾಯುವ ಮುಂಚೆ ಎಂಜಿನ್ ಸುಮ್ಮನೆ ಇರುವುದಿಲ್ಲ, ಹತ್ತು ರೀತಿಯಲ್ಲಿ ಹೇಳುತ್ತದೆ ಎಂಬುದು ಅಣ್ಣನ ಮಾತು. ಎಣ್ಣೆಯ ಕಡ್ಡಿ ತೆಗೆದಾಗ ಹಾಲು ಹಾಕಿದ ಚಹಾದ ಬಣ್ಣ ಕಂಡರೆ ಎಣ್ಣೆಗೆ ನೀರು ಸೇರಿದೆ ಎಂದರ್ಥ. ಹೊಗೆ ಕಪ್ಪಗಿದ್ದರೆ ಡೀಸೆಲಿಗೆ ತಕ್ಕ ಗಾಳಿ ಸಿಕ್ಕುತ್ತಿಲ್ಲ, ಇಲ್ಲವೇ ಭಾರ ಹೆಚ್ಚಾಗಿದೆ. ನೀಲಿಯಾಗಿದ್ದರೆ ಎಣ್ಣೆ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬಿಡದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಥವಾ ಒಳಗೆ ನೀರು ಹೋಗುತ್ತಿದೆ. ಫಿಲ್ಟರಿನ ಕೆಳಗಿನ ಗಾಜಿನ ಬಟ್ಟಲಿನಲ್ಲಿ ನೀರು ತಳಕ್ಕೆ ಕೂತದ್ದು ಬರಿಗಣ್ಣಿಗೇ ಕಾಣುತ್ತದೆ, ಏಕೆಂದರೆ ಡೀಸೆಲ್ ನೀರಿಗಿಂತ ಹಗುರ. ಅರ್ಧ ತುಂಬಿದ ಟ್ಯಾಂಕನ್ನು ಎರಡು ತಿಂಗಳು ಮಳೆಗಾಲದ ತೇವದಲ್ಲಿ ಬಿಟ್ಟರೆ ಒಳಗಿನ ಗೋಡೆಗೆ ಹನಿ ಕಟ್ಟಿ ಇಳಿಯುತ್ತದೆ. ಆ ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತವೆ. ಆಗಸ್ಟಿನ ಮೊದಲ ದೊಡ್ಡ ಅಲೆಗೆ ಟ್ಯಾಂಕ್ ಕುಲುಕಿದಾಗ ತಳದ ಲೋಳೆಯೆಲ್ಲ ಎದ್ದು ಫಿಲ್ಟರಿಗೆ ಬರುತ್ತದೆ. ಅಲೆ ದೊಡ್ಡದಿರುವುದು ಎಲ್ಲಿ? ಅಳಿವೆ ಬಾಗಿಲಿನಲ್ಲಿ. ಎಂಜಿನ್ ಅಲ್ಲೇ ಯಾಕೆ ನಿಲ್ಲುತ್ತದೆ, ಗ್ರಹಚಾರ ಎಂದು ಹಣೆ ಚಚ್ಚಿಕೊಳ್ಳುವವರಿಗೆ ಈ ಕಾರಣ ತಿಳಿದಿದ್ದರೆ ಒಳ್ಳೆಯದು.

ಹಾಗಿದ್ದರೂ ಎಲ್ಲ ಬೋಟುಗಳಿಗೂ ಇಷ್ಟು ಆರೈಕೆ ಸಿಗುವುದಿಲ್ಲ. ಎರಡು ತಿಂಗಳು ಸಂಪಾದನೆಯಿಲ್ಲ, ಬಲೆಗೆ ದುಡ್ಡು ಬೇಕು, ಬಣ್ಣಕ್ಕೆ ಬೇಕು, ಮಕ್ಕಳ ಶಾಲೆಯ ಫೀಸು ಇದೇ ಜೂನ್‌ನಲ್ಲಿ. ಬಣ್ಣ ಎಲ್ಲರಿಗೂ ಕಾಣುತ್ತದೆ, ಇಂಪೆಲ್ಲರ್ ಯಾರಿಗೂ ಕಾಣುವುದಿಲ್ಲ. ಬೆಲ್ಟು ಇನ್ನೊಂದು ಸೀಸನ್ ಬಂದೀತು ಎಂದು ಬಿಡುವ ಆಸೆ ಯಾರಿಗಿಲ್ಲ? ನಡುಗಡಲಲ್ಲಿ ನಿಂತರೆ ಎಳೆದು ತರಲು ಬರುವ ಬೋಟಿನ ಮೀನುಗಾರಿಕೆಯೂ ಹೋಗುತ್ತದೆ. ನೆರೆಯ ಬೋಟು ಸಿಗದಿದ್ದರೆ ವೈರ್‌ಲೆಸ್, ಇಲ್ಲವೇ ಕೋಸ್ಟ್ ಗಾರ್ಡ್‌ನ 1554 ಸಂಖ್ಯೆ. ಫೋನಿನ ಸಿಗ್ನಲ್ ಇದ್ದರೆ ಮಾತ್ರ.

ಒಂದು ಬೇಸರದ ಮಾತೂ ಹೇಳಬೇಕು. ತೆಗೆದ ಹಳೆ ಎಣ್ಣೆಯನ್ನು ಅಣ್ಣ ಕ್ಯಾನಿಗೆ ತುಂಬಿಸಿ ಮುಚ್ಚಳ ಬಿಗಿದರು, ಕೊಳ್ಳುವವರು ಬರುತ್ತಾರಂತೆ. ಆದರೆ ಅಂದು ದಕ್ಕೆಯ ನೀರಿನ ಮೇಲೆ ಅಲ್ಲಲ್ಲಿ ಕಾಮನಬಿಲ್ಲು ಹರಡಿತ್ತು. ಹುಡುಗ ಅದನ್ನು ಚಂದ ಎಂದ. ಅದೇನೆಂದು ಅಕ್ಕ ಹೇಳಿದ ಮೇಲೆ ಸುಮ್ಮನಾದ.

ಬೆಂಗ್ರೆಯ ಕಡೆಯಿಂದ

ಮಕ್ಕಳೊಂದಿಗೆ ಬರುವವರಿಗೆ ಒಂದು ಸಲಹೆ. ದಕ್ಕೆಯ ಕೆಲಸದ ಜಾಗದಲ್ಲಿ ಬೋಟಿನಿಂದ ಬೋಟಿಗೆ ಹಾರಲು ಹೋಗಬೇಡಿ. ನಡುವಿನ ಸಂದಿಗೆ ಬಿದ್ದರೆ ಎರಡು ಬೋಟುಗಳ ನಡುವೆ ಸಿಕ್ಕಿಬೀಳುತ್ತೀರಿ. ದೂರದಿಂದ ನೋಡಲು ಬೆಂಗ್ರೆಗೆ ಹೋಗುವ ಫೆರಿ ಇದೆ. ಕೆಲವೇ ನಿಮಿಷದ ದಾರಿ. ಶಾಲೆಯ ಮಕ್ಕಳು, ತರಕಾರಿ ಚೀಲ, ಎಲ್ಲ ಅದರಲ್ಲೇ. ನದಿ ಜೋರಾಗಿದ್ದರೆ ಫೆರಿ ನಿಲ್ಲಿಸುತ್ತಾರೆ, ಆಗ ಹಟ ಮಾಡಬಾರದು. ಇನ್ನೊಂದು ದಾರಿ ಸುಲ್ತಾನ್ ಬತ್ತೇರಿಯಿಂದ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು ಅದು, ಹಗೆಯ ಹಡಗುಗಳು ಗುರುಪುರ ನದಿಗೆ ನುಗ್ಗದಿರಲೆಂದು. ಮೇಲಿಂದ ನೋಡಿದರೆ ನದಿ, ಆಚೆ ತಣ್ಣೀರುಬಾವಿಯ ಗಾಳಿಮರಗಳು, ಅದರಾಚೆ ಕಡಲಿನ ಮೊರೆತ.

ಆಗಸ್ಟ್ ಮೊದಲ ವಾರ ನಾನು ಒಬ್ಬಳೇ ಮತ್ತೆ ಬೆಂಗ್ರೆಗೆ ಹೋದೆ. ನೂಲ ಹುಣ್ಣಿಮೆಯ ಸಮುದ್ರ ಪೂಜೆ ಹತ್ತಿರ ಬಂದಿತ್ತು. ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುವ ದಿನ ಅದು. ಅಷ್ಟರಲ್ಲೇ ಕೆಲವು ಬೋಟುಗಳು ಹೊರಡತೊಡಗಿದ್ದವು. ಹೊಸ ಬಣ್ಣ, ಮೂತಿಗೆ ಹೂವಿನ ಹಾರ, ಮಂಜುಗಡ್ಡೆ ತುಂಬಿ ತಗ್ಗಿದ ಹೊಟ್ಟೆ. ಒಂದು ಬೋಟು ಹಗ್ಗ ಬಿಚ್ಚಿಕೊಂಡು ನದಿಯ ನಡುವಿಗೆ ಬಂತು. ಹೊಗೆ ಮೊದಲು ಕಪ್ಪಗೆ ಎದ್ದು, ಆಮೇಲೆ ತೆಳುವಾಗಿ, ಕೊನೆಗೆ ಕಾಣದಾಯಿತು. ದಡದಲ್ಲಿ ನಿಂತ ಹೆಂಗಸರಲ್ಲಿ ಒಬ್ಬರು ಕೈ ಬೀಸುತ್ತಿದ್ದರು. ತಾಂಡೇಲ ಅವರ ಕಡೆ ನೋಡಲಿಲ್ಲ. ವ್ಹೀಲ್‌ಹೌಸಿನ ಕಿಟಕಿಯಿಂದ ಅರ್ಧ ದೇಹ ಹೊರಹಾಕಿ, ಬೋಟಿನ ಬದಿಯ ತೂತಿನಿಂದ ತಣಿಸಿದ ನೀರು ಬೀಳುತ್ತಿದೆಯೋ ಎಂದು ಬಗ್ಗಿ ನೋಡುತ್ತಿದ್ದ. ನೀರು ಧಾರೆಯಾಗಿ ಬೀಳುತ್ತಿತ್ತು. ಆಮೇಲೆ ಅವನೂ ಕೈ ಎತ್ತಿದ. ಬೋಟು ಅಳಿವೆಯ ಕಡೆ ಮೂತಿ ತಿರುಗಿಸಿತು.